ಮನಸ್ಸಿನ ಭಾರ, ಮಾಯದ ಗಾಯ

ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡುವವಳ ದಣಿವು ನನಗೆ ಗೊತ್ತು. ಅತ್ತೆಯ ಆರೈಕೆಯಲ್ಲಿ ನಾನೂ ಎರಡು ವರ್ಷ ಕಳೆದವಳು. ಆ ಚಿಂತೆ ದೇಹಕ್ಕೂ ಇಳಿಯುತ್ತದೆ. ಅಮೆರಿಕದ ಓಹಿಯೋದ ಸಂಶೋಧಕಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ, ಅವರ ಒಪ್ಪಿಗೆ ಪಡೆದು ಚಿಕ್ಕ ಗಾಯ ಮಾಡಲಾಯಿತು. ಅಂತಹ ಹೊಣೆಯಿಲ್ಲದ 13 ಮಹಿಳೆಯರಿಗಿಂತ ಇವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ನಿರಂತರ ಒತ್ತಡವು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಆದ್ದರಿಂದ ‘ಎಲ್ಲವನ್ನೂ ನಾನೊಬ್ಬಳೇ ಮಾಡಬೇಕು’ ಎಂಬ ಯೋಚನೆಯನ್ನು ಬಿಡಿ. ಪತಿ, ಮಕ್ಕಳು, ನಾದಿನಿಯರೊಡನೆ ಸರದಿ ಹಂಚಿಕೊಳ್ಳಿ. ಮನಸ್ಸಿನ ನೋವನ್ನು ನಂಬಿಕೆಯ ಗೆಳತಿಯೊಡನೆ ಹೇಳಿಕೊಳ್ಳಿ. ಗಾಯ ಮಾಯದಿದ್ದರೆ ಚಿಂತೆಯೇ ಕಾರಣವೆಂದು ಸುಮ್ಮನಿರದೆ ವೈದ್ಯರಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಸೇವೆ ಮಾಡುವವಳು ಆರೋಗ್ಯವಾಗಿದ್ದರೆ ತಾನೇ ಸೇವೆ?