ಚೌಳಹಿರಿಯೂರಿನ ದಾರಿಯಲ್ಲಿ ಕರ್ಬಲಾ

ಕಡೂರು ಬಿಟ್ಟು ಚೌಳಹಿರಿಯೂರಿನ ದಾರಿ ಹಿಡಿದರೆ ಆಕಾಶ ಒಮ್ಮೆಲೇ ದೊಡ್ಡದಾಗುತ್ತದೆ. ಪಡುವಣಕ್ಕೆ ಬಾಬಾಬುಡನ್‌ಗಿರಿಯ ಸಾಲು ಮೋಡ ಹೊದ್ದು ಕೂತಿರುತ್ತದೆ. ಅಲ್ಲಿ ಜಡಿಮಳೆ, ಇಲ್ಲಿ ಅದರ ಗಾಳಿ ಮಾತ್ರ. ಬೆಟ್ಟ ಕುಡಿದು ಮಿಕ್ಕ ಹನಿಯಲ್ಲೇ ಈ ಬಯಲಿನ ರಾಗಿ, ಈರುಳ್ಳಿ, ತೆಂಗು ಎಲ್ಲ ಬದುಕಬೇಕು. ಆ ಬೆಟ್ಟದಲ್ಲೇ ಹುಟ್ಟುವ ವೇದಾ, ಆವತಿ ಹೊಳೆಗಳು ಕೂಡಿ ವೇದಾವತಿಯಾಗಿ ಹಿರಿಯೂರಿನ ಕಡೆ ಹೋಗುತ್ತವೆ. ಆ ಹೊಳೆಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತುಂಬಲು 89 ವರ್ಷ ಕಾಯಿಸಿದ ನೀರು ಹೋಗುವ ಸೀಮೆ ಇದು!

ಈಚಿನ ವರ್ಷಗಳಲ್ಲಿ ಮೊಹರಂ ಇಲ್ಲಿ ಆರಿದ್ರಾ, ಪುನರ್ವಸು ಮಳೆಗಳ ಆಸುಪಾಸಿಗೆ ಬಂದಿದೆ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹಾಗಾಗಿ ಹಬ್ಬ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಈಗಂತೂ ರೈತ ಬಿತ್ತನೆಗೆಂದು ಮುಗಿಲು ನೋಡುವ ಹೊತ್ತಿಗೇ, ಬಾಯಾರಿ ಪ್ರಾಣ ಬಿಟ್ಟವರ ನೆನಪಿನ ಹಬ್ಬ. ಊರಿನವರ ಬಾಯಲ್ಲಿ ಅದು ಬಾಬಯ್ಯನ ಹಬ್ಬ.

ದಾರಿಯ ಹಳ್ಳಿಯೊಂದರಲ್ಲಿ ಪಂಜಾ ಕೂರಿಸುವ ಮಕಾನಿನ ಮುಂದೆ ಬೆಂಕಿ ಹಾಕಲು ಅಲಾವಿ ಗುಂಡಿ ತೋಡಿದ್ದರು. ಒಳಗೆ ಮುದುಕರೊಬ್ಬರು ಹಿತ್ತಾಳೆಯ ಪಂಜಾವನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಅಂಗೈಯಗಲದ ಹಸ್ತ, ನೆಟ್ಟಗೆ ನಿಂತ ಐದು ಬೆರಳು. ಬೆರಳ ಸಂದಿಯಲ್ಲಿ ಕೂತ ಹೋದ ವರ್ಷದ ಕುಂಕುಮ ಬಿಡಲೊಲ್ಲದು. ತೊಳೆದು, ಒರೆಸಿ, ಕೋಲಿಗೆ ಸಿಕ್ಕಿಸಿ, ಹಸಿರು ಪತ್ತಲ ಸುತ್ತಿ, ಮಲ್ಲಿಗೆ ದಂಡೆ ಇಳಿಬಿಟ್ಟ ಮೇಲೆ ಅವರೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಇಷ್ಟು ಹೊತ್ತು ಕೈಯಲ್ಲಿದ್ದ ಹಿತ್ತಾಳೆ ಈಗ ದೇವರು.

“ಐದು ಬೆರಳು ಯಾಕೆ ಸಾಬ್ರೇ?” ಎಂದೆ.

“ಪೈಗಂಬರರು, ಅವರ ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳು ಹಸನ್, ಹುಸೇನ್. ಒಂದೇ ಮನೆಯವರು ಸ್ವಾಮಿ,” ಎಂದರು. “ನೀರು ತರೋಕೆ ಹೋಗಿ ಕೈ ಕಳಕೊಂಡರಲ್ಲ ಅಬ್ಬಾಸ್, ಅವರ ಕೈ ಅಂತಲೂ ಹೇಳ್ತಾರೆ.”

ಬಾಗಿಲಲ್ಲಿ ಹೆಂಗಸೊಬ್ಬರು ಬೆಲ್ಲದ ಅಚ್ಚು ಹಿಡಿದು ನಿಂತಿದ್ದರು, ಹಣೆಯಲ್ಲಿ ವಿಭೂತಿ. ಮುದುಕರು ಬೆಲ್ಲ ಪಡೆದು, ಫಾತಿಹಾ ಓದಿ, ಅರ್ಧ ಮುರಿದು ಅವರ ಸೆರಗಿಗೇ ಹಾಕಿದರು. ಸಾವಿರಾರು ಮೈಲಿ ದೂರದ ಮರಳುಗಾಡಿನ ಒಬ್ಬರು ಈ ಸೆರಗಿನ ತನಕ ಹೇಗೆ ಬಂದರು? ಬೆರಗಾಗದೆ ಇರುವುದು ಹೇಗೆ!

ಹುಸೇನರು ಹುಟ್ಟಿದ್ದು ಮದೀನಾದಲ್ಲಿ, ಹಿಜರಿ 4ರಲ್ಲಿ. ಅಜ್ಜನ ಹೆಗಲ ಮೇಲೆ ಆಡಿದ ಮಗು. ದೊಡ್ಡವರಾದ ಮೇಲೆ ತಮ್ಮ ಹೆಗಲ ಮೇಲೆ ಮೂಟೆ ಹೊತ್ತು ವಿಧವೆಯರ, ಅನಾಥರ ಮನೆಗೆ ಕಾಳು ಮುಟ್ಟಿಸುತ್ತಿದ್ದರೆಂದೂ, ಆ ಹೊರೆಯ ಕಲೆ ಸತ್ತ ಮೇಲೂ ಬೆನ್ನಿನ ಮೇಲೆ ಉಳಿದಿತ್ತೆಂದೂ ಹೇಳುವ ಕಥೆಯಿದೆ. ಕ್ರಿ.ಶ. 680ರಲ್ಲಿ ಖಲೀಫ ಮುಆವಿಯಾ ತೀರಿಕೊಂಡು ಮಗ ಯಜೀದ್ ಗದ್ದುಗೆ ಏರಿದ. ತನ್ನನ್ನು ಒಪ್ಪಿ ಕೈಮೇಲೆ ಕೈಯಿಡಬೇಕೆಂದು ಹುಸೇನರಿಗೆ ಹೇಳಿಕಳಿಸಿದ. ಅವರು ಒಪ್ಪಲಿಲ್ಲ. ಬನ್ನಿ, ನಾವಿದ್ದೇವೆ ಎಂದು ಕೂಫಾ ಪಟ್ಟಣದಿಂದ ಕಾಗದಗಳು ಬಂದವು. ಮುಂಚಿತವಾಗಿ ಕಳಿಸಿದ್ದ ದೊಡ್ಡಪ್ಪನ ಮಗ ಮುಸ್ಲಿಂರನ್ನು ಅಲ್ಲಿನ ಅಧಿಕಾರಿ ಇಬ್ನ್ ಜಿಯಾದ್ ಕೊಲ್ಲಿಸಿದ. ಕರೆದ ಊರು ಬಾಯಿ ಮುಚ್ಚಿಕೊಂಡಿತು. ಸುದ್ದಿ ಮುಟ್ಟುವ ಹೊತ್ತಿಗೆ ಹುಸೇನರು ಹೆಂಗಸರು ಮಕ್ಕಳೊಂದಿಗೆ ಅರ್ಧ ದಾರಿಯಲ್ಲಿದ್ದರು.

ಮುಂದಿನದು ನನಗೆ ಕರ್ಬಲಾದ ಕಥೆಯಲ್ಲೆಲ್ಲ ದೊಡ್ಡ ಘಳಿಗೆ. ಅವರನ್ನು ಅಡ್ಡಗಟ್ಟಲು ಹುರ್ ಎಂಬ ದಂಡನಾಯಕ ಸಾವಿರ ಸವಾರರೊಂದಿಗೆ ಬಂದ. ನೆತ್ತಿ ಸುಡುವ ಮಧ್ಯಾಹ್ನ. ಆ ದಂಡಿನ ಆಳು, ಕುದುರೆ ಎಲ್ಲ ಬಾಯಾರಿ ಬಸವಳಿದಿದ್ದವು. ಹುಸೇನರು ತಮ್ಮ ಕಡೆಯವರಿಗೆ ಹೇಳಿದ್ದು, ಇವರಿಗೆ ನೀರು ಕೊಡಿ, ಕುದುರೆಗಳಿಗೂ ಕುಡಿಸಿ ಎಂದು. ಹಿಂದೆ ಬಿದ್ದಿದ್ದ ಒಬ್ಬ ಸವಾರ ಕೊನೆಗೆ ಬಂದ. ಆತುರದಲ್ಲಿ ಚರ್ಮದ ಚೀಲದ ಬಾಯಿ ಮಡಚಲು ಬಾರದೆ ನೀರು ಚೆಲ್ಲಿಕೊಳ್ಳುತ್ತಿದ್ದ. ಹುಸೇನರು ಎದ್ದು ಬಂದು ತಾವೇ ಚೀಲದ ಬಾಯಿ ಸರಿಮಾಡಿ ಕೊಟ್ಟರು. ಹಗೆಯ ದಂಡಿನಲ್ಲಿದ್ದ ಆ ಸವಾರನೇ ಇದನ್ನು ಮುಂದೆ ಹೇಳಿದ. ಇತಿಹಾಸಕಾರ ತಬರಿ ಬರೆದಿಟ್ಟ. ಅಂದು ಎರಡೂ ಕಡೆಯವರು ಹುಸೇನರ ಹಿಂದೆ ನಿಂತು ನಮಾಜು ಮಾಡಿದರು.

ಕೆಲವೇ ದಿನಗಳಲ್ಲಿ, ಕರ್ಬಲಾದ ಬಯಲಿನಲ್ಲಿ, ಅದೇ ಹುಸೇನರ ಡೇರೆಗಳಿಗೆ ಯೂಫ್ರೆಟಿಸ್ ಹೊಳೆಯ ನೀರು ಬಂದ್ ಆಯಿತು. ಮೊಹರಂ 7ರಿಂದ ಮಕ್ಕಳಿಗೂ ಗುಟುಕಿಲ್ಲ. ಒಂಬತ್ತರ ರಾತ್ರಿ ಅವರು ಜೊತೆಯವರನ್ನು ಕೂರಿಸಿ, ಈ ಹಗೆಯ ದಂಡಿಗೆ ಬೇಕಾದವನು ನಾನೊಬ್ಬ, ಕತ್ತಲಿದೆ, ಹೊರಟುಬಿಡಿ ಎಂದರು. ಯಾರೂ ಏಳಲಿಲ್ಲ. ಬೆಳಗಾದಾಗ ಹುರ್‌ನ ಮೈ ನಡುಗಿತು. ಕುದುರೆ ತಿರುಗಿಸಿ, ಬಂದು, ತಪ್ಪೊಪ್ಪಿಕೊಂಡು ಸೋಲುವ ಕಡೆ ನಿಂತ, ಅಂದೇ ಸತ್ತ. ನೀರಿಗೆ ಹೋದ ತಮ್ಮ ಅಬ್ಬಾಸ್ ಹೊಳೆ ಮುಟ್ಟಿಯೂ ನೀರು ಡೇರೆ ಸೇರಲಿಲ್ಲ. 680ರ ಅಕ್ಟೋಬರ್ 10ರ ಸಂಜೆಯೊಳಗೆ ಹುಸೇನರೂ ಹತರಾಗಿ ಎಲ್ಲ ಮುಗಿಯಿತು. ಜೊತೆಗಾರರು 72 ಮಂದಿ ಎಂಬುದು ರೂಢಿಯ ಲೆಕ್ಕ. ಉಳಿದ ಕಥೆಯನ್ನು ಲೋಕಕ್ಕೆ ಹೇಳಿದವರು ತಂಗಿ ಜೈನಬ್, ಸೆರೆಯಾಳಾಗಿ ಯಜೀದನ ಆಸ್ಥಾನದಲ್ಲಿ ನಿಂತು.

ಹಳ್ಳಿಯಲ್ಲಿ ಹೊತ್ತಿಳಿಯುವಾಗ ಕೊಳಗದಲ್ಲಿ ಪಾನಕ ಕಲೆಸಿದರು: ಬೆಲ್ಲ, ಏಲಕ್ಕಿ, ಮೆಣಸು, ನಿಂಬೆಹುಳಿ. ನೀರು ಟ್ಯಾಂಕರಿನದು. ಹುಡುಗನೊಬ್ಬ ರಸ್ತೆಗಿಳಿದು ಬಸ್ಸು, ಟ್ರ್ಯಾಕ್ಟರು, ಬೈಕು ಎಲ್ಲವನ್ನೂ ನಿಲ್ಲಿಸಿ ಲೋಟ ನೀಡುತ್ತಿದ್ದ. ಬೇಡವೆಂದವರಿಗೂ ಬಿಡುಗಡೆಯಿಲ್ಲ.

ಮೊಹರಂ ವೈಭವ ನೋಡಲು ಜನ ಮುದಗಲ್ಲಿಗೆ ಹೋಗುತ್ತಾರೆ. ಶಿಯಾ ಪಂಥದ ಶೋಕಾಚರಣೆ ಕಾಣಲು ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೆ. ಹೋಗಬೇಕಾದ್ದೇ. ಆದರೆ ಹುಸೇನರ ಗುಣ ತಿಳಿಯಲು ಚೌಳಹಿರಿಯೂರಿನ ಸುತ್ತಿನ ಈ ಬಯಲೇ ಸಾಕು. ನೀರು ಹೇರಳವಾಗಿರುವಲ್ಲಿ ಲೋಟ ನೀಡುವುದು ಉಪಚಾರ. ನಾಳೆಗೆ ತನಗೇ ಸಾಲದು ಎಂದು ತಿಳಿದೂ, ಬಂದವನು ಯಾರ ಕಡೆಯವನೆಂದು ಕೇಳದೆ ಕೊಡುವುದು ಬೇರೆಯೇ ಗುಣ. ಬರ ಕಂಡ ಜನಕ್ಕೆ ಅದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಹುಸೇನರು ಇವರಿಗೆ ಬಾಬಯ್ಯ ಆದದ್ದು ಅದಕ್ಕೇ ಎಂದು ನನ್ನ ನಂಬಿಕೆ.