ಹಾಜರಿ ಪುಸ್ತಕ ಹೇಳಿದ ನೋವು

ಅಳ್ನಾವರದ ಮಳೆ ಹಿಡಿಯಿತೆಂದರೆ ಬೇಗ ಬಿಡುವುದಲ್ಲ. ಭತ್ತದ ಗದ್ದೆಗಳು ತುಂಬಿ, ಹಾದಿಗಳು ಕೆಸರಾಗಿ, ಸುತ್ತಲಿನ ಹಳ್ಳಿಗಳಿಂದ ಶಾಲೆಗೆ ಬರುವ ಮಕ್ಕಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಅಂಥ ದಿನಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಯಾರೂ ಹೆಚ್ಚು ವಿಚಾರಿಸುವುದಿಲ್ಲ. ಆದ್ದರಿಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೂರು ಮೂರು ದಿನ ಶಾಲೆ ತಪ್ಪಿಸಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ನಿಂತಿತು. ಆದರೆ ಗೈರುಹಾಜರಿ ನಿಲ್ಲಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಹಾಜರಿ ಲೆಕ್ಕ ಹಾಕುತ್ತಿದ್ದ ತರಗತಿಯ ಅಕ್ಕೋರಿಗೆ ಇದು ಹೊಳೆಯಿತು. ಆ ಹುಡುಗಿಯ ಹೆಸರಿನ ಮುಂದೆ ಇಪ್ಪತ್ತೆಂಟು ಮೂವತ್ತು ದಿನಕ್ಕೊಮ್ಮೆ ಮೂರು ಗುರುತು. ಎರಡು ಕಿರುಪರೀಕ್ಷೆಗಳು ಆ ದಿನಗಳಲ್ಲೇ ತಪ್ಪಿದ್ದವು. ಅವರು ತಾಯಿಯನ್ನು ಕರೆಸಿ ಕೇಳಿದರು.

“ಹೆಣ್ಣಮಕ್ಕಳಂದಮ್ಯಾಲೆ ಇದು ಇದ್ದದ್ದೇ ಅಲ್ಲೇನ್ರಿ ಅಕ್ಕೋರ? ನನಗೂ ಹಿಂಗೇ ಆಗತಿತ್ತು. ಲಗ್ನ ಆಗಿ ಒಂದು ಕೂಸಾತಂದ್ರ ಎಲ್ಲಾ ಸರಿ ಹೋಗತೈತಿ” ಎಂದರು ತಾಯಿ. ಮನೆಯಲ್ಲಿ ಅಜ್ಜಿ ಆಗಲೇ ವರ ನೋಡುವ ಮಾತು ತೆಗೆದಿದ್ದಳಂತೆ. ಹುಡುಗಿಗೆ ಆಗ ಹದಿನಾರು ವರ್ಷ.

ಅಕ್ಕೋರು ವಾದಕ್ಕೆ ಹೋಗಲಿಲ್ಲ. ಹುಡುಗಿಯ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟರು. ನೋವು ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾದವು, ವಾಂತಿ ಆಯಿತೇ, ಮಲ ಮೂತ್ರ ವಿಸರ್ಜನೆಯಲ್ಲಿ ನೋವಿತ್ತೇ, ಏನೇನು ಕೆಲಸ ತಪ್ಪಿತು ಎಂದು ಮೂರು ತಿಂಗಳು ಬರೆದಿಡಲು ಹೇಳಿದರು.

ಮುಟ್ಟಿನ ಸಮಯದಲ್ಲಿ ಸ್ವಲ್ಪ ನೋವು ಸಹಜವೇ. ಗರ್ಭಕೋಶದ ಒಳಪೊರೆ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ. ಮೆಫೆನಾಮಿಕ್ ಆಮ್ಲದಂಥ ಗುಳಿಗೆಗಳು ಈ ರಾಸಾಯನಿಕಗಳ ಉತ್ಪತ್ತಿಯನ್ನೇ ತಡೆಯುವುದರಿಂದ ನೋವಿನ ಆರಂಭದಲ್ಲೇ ತೆಗೆದುಕೊಂಡರೆ ಹೆಚ್ಚು ಗುಣ. ಆದರೆ ಗುಳಿಗೆಗೂ ಜಗ್ಗದ, ಶಾಲೆ ಬಿಡಿಸುವ, ವರ್ಷದಿಂದ ವರ್ಷಕ್ಕೆ ಏರುವ ನೋವು ಸಹಜವಲ್ಲ. ಅದರ ಹಿಂದೆ ಇರಬಹುದಾದ ಒಂದು ಮುಖ್ಯ ಕಾರಣ ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಗೋಡೆಯ ಮೇಲೆ, ಕೆಲವೊಮ್ಮೆ ಕರುಳಿನ ಮೇಲೆ ಬೆಳೆಯುವುದೇ ಈ ರೋಗ. ಹಾರ್ಮೋನುಗಳ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ. ಆದರೆ ಒಳಪೊರೆಯಂತೆ ದೇಹದಿಂದ ಹೊರಬೀಳಲು ಅದಕ್ಕೆ ದಾರಿಯಿಲ್ಲ. ಉರಿಯೂತ ಉಂಟಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಂಡು ನೋವು ಹೆಚ್ಚುತ್ತದೆ. ಇಂಥದೇ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ನುಗ್ಗಿದರೆ ಅದಕ್ಕೆ ಅಡಿನೊಮಯೋಸಿಸ್ ಎಂದು ಹೆಸರು.

ವಿಯೆನ್ನಾದ ರೋಕಿಟಾನ್ಸ್ಕಿ 1860ರಲ್ಲೇ ಇಂಥ ಅಂಗಾಂಶದ ಬಗ್ಗೆ ಬರೆದಿದ್ದ. ಸ್ರಾವದ ಒಂದು ಪಾಲು ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿದು ಅಲ್ಲಿ ಬೇರೂರುತ್ತದೆ ಎಂದು ಅಮೆರಿಕದ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದ. ಹಾಗೆ ಹಿಮ್ಮುಖವಾಗಿ ಹರಿಯುವುದು ಬಹುತೇಕ ಎಲ್ಲ ಹೆಂಗಸರಲ್ಲೂ ಉಂಟೆಂದು ಮುಂದೆ ತಿಳಿಯಿತು. ರೋಗ ಬರುವುದು ಮಾತ್ರ ಹತ್ತರಲ್ಲಿ ಒಬ್ಬರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಹಿಳೆಯರಿಗೆ ಈ ರೋಗವಿದೆ. ಉಳಿದವರನ್ನು ಬಿಟ್ಟು ಇವರಿಗೇ ಏಕೆ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ.

ಡಿಸೆಂಬರಿನಲ್ಲಿ ಅವ್ವ ಮಗಳು ನೋಟ್‌ಬುಕ್ ಹಿಡಿದುಕೊಂಡು ರೈಲು ಹತ್ತಿ ಧಾರವಾಡಕ್ಕೆ ಹೋದರು. ವೈದ್ಯೆ ಮೊದಲು ಓದಿದ್ದು ಆ ನೋಟ್‌ಬುಕ್ಕನ್ನೇ. ನಂತರ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. “ಏನೂ ಇಲ್ಲಂದ್ರ ಇಷ್ಟು ದಿನ ಈಕಿ ನಾಟಕ ಮಾಡಿದಳೇನ್ರಿ?” ಎಂದು ತಾಯಿ ಕೇಳಿದರು. ಹುಡುಗಿ ತಲೆ ತಗ್ಗಿಸಿದಳು.

ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟಾಗಿದ್ದರೆ ಸ್ಕ್ಯಾನಿನಲ್ಲಿ ಕಾಣುತ್ತದೆ; ಒಳಗೋಡೆಯ ಮೇಲಿನ ಸಣ್ಣ ಚುಕ್ಕೆಗಳು ಕಾಣುವುದಿಲ್ಲ, ಸ್ಕ್ಯಾನ್ ಸರಿಯಿದೆ ಎಂದರೆ ನೋವು ಸುಳ್ಳು ಎಂದಲ್ಲ ಎಂದು ವೈದ್ಯೆ ತಿಳಿಸಿದರು. ಹಿಂದೆಲ್ಲ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಇಳಿಸಿ ನೋಡುವ ಲ್ಯಾಪರೊಸ್ಕೋಪಿಯೇ ಕೊನೆಯ ತೀರ್ಪು ಎನ್ನುತ್ತಿದ್ದರು. ಯುರೋಪಿನ ತಜ್ಞರ ಸಂಘ 2022ರ ತನ್ನ ಮಾರ್ಗಸೂಚಿಯಲ್ಲಿ ಈ ಕ್ರಮವನ್ನು ಬದಲಿಸಿತು. ಲಕ್ಷಣಗಳನ್ನು ನೋಡಿ ಔಷಧ ಆರಂಭಿಸಬಹುದು. ಸ್ಕ್ಯಾನಿನಲ್ಲಿ ಕಾಣದಿದ್ದಾಗ, ಔಷಧಕ್ಕೆ ಗುಣವಾಗದಿದ್ದಾಗ ಲ್ಯಾಪರೊಸ್ಕೋಪಿಯನ್ನು ಯೋಚಿಸಬಹುದು ಎಂದಿತು. ರೋಗ ವಾಸಿಯಾಗಲೆಂದು ಗರ್ಭಿಣಿಯಾಗಲು ಸಲಹೆ ಕೊಡಬಾರದೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಅಜ್ಜಿಯ ಮದ್ದು ಅಲ್ಲಿಗೆ ಬಿದ್ದುಹೋಯಿತು.

ವೈದ್ಯೆ ಬರೆದುಕೊಟ್ಟದ್ದು ನೋವಿನ ಗುಳಿಗೆ ಮತ್ತು ಹಾರ್ಮೋನಿನ ಗುಳಿಗೆ. ಹಾರ್ಮೋನು ಎಂದೊಡನೆ ತಾಯಿ ಹೆದರಿದರು. “ಮುಂದ ಮಕ್ಕಳಾಗಲಿಕ್ಕೆ ತೊಂದರಿ ಆಗತೈತೇನ್ರಿ?” ಈ ಗುಳಿಗೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಹತ್ತಿಕ್ಕಿ ಇಡುತ್ತದೆ, ನಿಲ್ಲಿಸಿದ ಮೇಲೆ ಋತುಚಕ್ರ ಮರಳುತ್ತದೆ ಎಂಬ ಉತ್ತರ ಬಂತು. ಮಕ್ಕಳಾಗುವುದಕ್ಕೆ ಅಡ್ಡಿಯಾಗಬಲ್ಲದ್ದು ರೋಗವೇ ಹೊರತು ಈ ಗುಳಿಗೆಯಲ್ಲ.

ತಾಯಿಯ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಆಕೆಯ ಅಕ್ಕನಿಗೂ ಹೀಗೆಯೇ ಹೊಟ್ಟೆನೋವು, ಹೆಚ್ಚು ಸ್ರಾವ. ಎಲ್ಲಿಯೋ ತೋರಿಸಿದರು, ಮೂವತ್ತೆರಡನೆಯ ವಯಸ್ಸಿಗೆ ‘ಚೀಲ ತೆಗೆದರು’. ಅಂದಿನಿಂದ ಸೊಂಟನೋವು, ಸುಸ್ತು ಆಕೆಯನ್ನು ಬಿಟ್ಟಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ಮಾತು ಹಲ್ಲು ಕಿತ್ತಿಸಿದಷ್ಟು ಹಗುರವಾಗಿ ಬರುತ್ತದೆ. 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದ ರಾಣೆಬೆನ್ನೂರಿನಲ್ಲಿ 2010ರಿಂದ 2017ರ ನಡುವೆ 1,500ಕ್ಕೂ ಹೆಚ್ಚು ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತು ಎಂಬ ಆರೋಪ ಎದ್ದಿತು. ಲಂಬಾಣಿ ತಾಂಡಾಗಳ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ಆದೇಶಿಸಿತು.

ಎಂಡೊಮೆಟ್ರಿಯೋಸಿಸ್ ಇರುವುದು ಗರ್ಭಕೋಶದ ಹೊರಗೆ. ಚೀಲ ತೆಗೆದ ಮಾತ್ರಕ್ಕೆ ಹೊರಗಿನ ಚುಕ್ಕೆಗಳು ಹೋಗುವುದಿಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಅಕಾಲದಲ್ಲಿ ಮುಟ್ಟು ನಿಂತ ಸ್ಥಿತಿ ಬಂದು ಮೂಳೆ ಸವೆಯುತ್ತದೆ. ಆ ಶಸ್ತ್ರಚಿಕಿತ್ಸೆ ಬೇಕಾಗುವ ಸಂದರ್ಭಗಳು ಇಲ್ಲವೆಂದಲ್ಲ. ಆದರೆ ಅದು ಮೊದಲ ಮದ್ದಲ್ಲ.

ಈಚೆಗೆ ಸಂಶೋಧನೆಯೂ ಚುರುಕಾಗಿದೆ. 2023ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳ ನೇತೃತ್ವದ ತಂಡ ಈ ರೋಗವಿರುವ 60,674 ಮಹಿಳೆಯರ ವಂಶವಾಹಿಗಳನ್ನು ಏಳು ಲಕ್ಷಕ್ಕೂ ಹೆಚ್ಚು ಇತರರೊಂದಿಗೆ ಹೋಲಿಸಿ, ರೋಗದೊಂದಿಗೆ ನಂಟಿರುವ 42 ತಾಣಗಳನ್ನು ಗುರುತಿಸಿತು. ಅವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ನಮ್ಮ ಹೆಂಗಸರಿಗೂ ಅದೇ ಲೆಕ್ಕ ಸಲ್ಲುತ್ತದೆಯೇ ಎಂದು ತಿಳಿಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂಬಯಿ ಸಂಸ್ಥೆ ಆಕ್ಸ್‌ಫರ್ಡ್ ಜೊತೆ ಸೇರಿ ದೇಶದ ಹಲವು ಕೇಂದ್ರಗಳಲ್ಲಿ ಅಧ್ಯಯನ ಕೈಗೊಂಡಿತು. ಫ್ರಾನ್ಸಿನಲ್ಲಿ ಲಾಲಾರಸದಲ್ಲಿರುವ ಮೈಕ್ರೋ ಆರ್‌ಎನ್‌ಎಗಳಿಂದ ರೋಗ ಗುರುತಿಸುವ ಪರೀಕ್ಷೆಯೊಂದು ರೂಪುಗೊಂಡಿದೆ. ಇವೆಲ್ಲ ಅಳ್ನಾವರದವರೆಗೆ ಬರಲು ಕಾಲ ಬೇಕು. ಈಗ ರೋಗ ಪತ್ತೆಯಾಗಲು ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರಲ್ಲಿ ಎಷ್ಟೋ ವರ್ಷಗಳು ಕಳೆಯುವುದು ಪ್ರಯೋಗಶಾಲೆಯಲ್ಲಲ್ಲ, ಮನೆಯಲ್ಲಿ, ‘ಎಲ್ಲಾರಿಗೂ ಇದ್ದದ್ದೇ’ ಎಂಬ ಮಾತಿನಲ್ಲಿ. ಆ ವರ್ಷಗಳನ್ನು ಉಳಿಸಲು ಒಂದು ನೋಟ್‌ಬುಕ್ ಸಾಕು.

ಹುಡುಗಿಯ ನೋವು ಪೂರ್ತಿ ಹೋಗಿಲ್ಲ. ತಿಂಗಳಿಗೆ ಮೂರು ದಿನದ ಗೈರುಹಾಜರಿ ಜನವರಿಯಲ್ಲಿ ಒಂದಕ್ಕೆ ಇಳಿಯಿತು. ಫೆಬ್ರುವರಿಯಲ್ಲಿ ಒಂದೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಎಲ್ಲ ಪತ್ರಿಕೆಗಳನ್ನೂ ಆಕೆ ಬರೆದಳು. ವರ ನೋಡುವ ಮಾತನ್ನು ಅಜ್ಜಿ ಮತ್ತೆ ತೆಗೆದಿಲ್ಲ.

ಬೇಸಿಗೆ ರಜೆಯಲ್ಲಿ ಒಂದು ಸಂಜೆ ಕಿರಿಯ ಮಗಳು ಹೊಟ್ಟೆ ಹಿಡಿದುಕೊಂಡು ಕುಳಿತಳು. ತಾಯಿ ‘ಇದ್ದದ್ದೇ’ ಎನ್ನಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, “ಯಾವಾಗಿಂದ ನೂಸಾಕತ್ತೈತಿ? ಹೋದ ತಿಂಗಳೂ ಹಿಂಗೇ ಆಗಿತ್ತೇನು?” ಎಂದು ಕೇಳಿದರು. ದೊಡ್ಡವಳು ಒಳಗಿನಿಂದ ನೋಟ್‌ಬುಕ್ ತಂದಳು. ಅದರಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇದ್ದವು.