ಪ್ಲಿಯೇ, ಅರೆಮಂಡಿ, ಮಂಡಿನೋವು

ನಗಬೇಡಿ, ನಾನು ಬ್ಯಾಲೆ ಕ್ಲಾಸಿಗೆ ಸೇರಿದೀನಿ. 28ನೇ ವಯಸ್ಸಿಗೆ! ಆನ್‌ಸೈಟ್ ಅಂತ ಲಂಡನ್ನಿಗೆ ಬಂದಿದ್ದು ಹೋದ ಚಳಿಗಾಲದಲ್ಲಿ. ಸಂಜೆ ನಾಲ್ಕಕ್ಕೇ ಕತ್ತಲು. ರೂಮಿಗೆ ಬಂದು ಮತ್ತೆ ಅದೇ ಲ್ಯಾಪ್‌ಟಾಪ್ ತೆಗೆಯೋದು ಬೇಜಾರಾಗಿತ್ತು. ಮನೆ ಹತ್ರದ ಚರ್ಚಿನ ಹಾಲ್ ಬಾಗಿಲಲ್ಲಿ ‘ದೊಡ್ಡವರಿಗೆ ಬ್ಯಾಲೆ, ಏನೂ ಬರದಿದ್ರೂ ಬನ್ನಿ’ ಅನ್ನೋ ಅರ್ಥದ ಚೀಟಿ ಅಂಟಿಸಿದ್ರು. ಏನೂ ಬರದವರಲ್ಲಿ ನನಗಿಂತ ಅರ್ಹರು ಯಾರಿದಾರೆ ಹೇಳಿ :)

ಬ್ಯಾಲೆ ಅಂದ್ರೆ ಬೆರಳ ತುದಿ ಮೇಲೆ ನಿಂತು ಗಿರಗಿರ ತಿರುಗೋದು ಅಂದ್ಕೊಂಡಿದ್ದೆ. ಅದಕ್ಕೆ ಬೇಕಾದ ಗಟ್ಟಿ ಮೂತಿಯ ಶೂ ನಮ್ಮ ಕ್ಲಾಸಲ್ಲಿ ಯಾರ ಹತ್ರಾನೂ ಇಲ್ಲ. ಅಷ್ಟು ಬಲ ಪಾದಕ್ಕೆ ಬರೋಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ನಾನಂತೂ ಶುರುವಿನಲ್ಲಿ ಸಾಕ್ಸಲ್ಲೇ ಹೋಗ್ತಿದ್ದೆ. ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಬಾರ್ ಅನ್ನೋ ಸರಳು ಹಿಡ್ಕೊಂಡು ನಿಲ್ಲೋದೇ. ಪ್ಲಿಯೇ ಅಂದ್ರೆ ಮಂಡಿ ಬಗ್ಗಿಸೋದು, ತಾಂದ್ಯು ಅಂದ್ರೆ ಕಾಲು ಚಾಚೋದು. ಲಂಡನ್ನಲ್ಲೂ ಎಲ್ಲಾ ಫ್ರೆಂಚೇ. ಹದಿನಾಲ್ಕನೇ ಲೂಯಿ 1661ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯಕ್ಕೇ ಅಂತ ಒಂದು ಅಕಾಡೆಮಿ ಶುರು ಮಾಡಿದ್ನಲ್ಲ, ಆ ಕಾಲದ ಪ್ರಭಾವ.

ಮೊದಲ ದಿನ ಹಿಮ್ಮಡಿ ಜೋಡಿಸಿ, ಪಾದ ಹೊರಗೆ ತಿರುಗಿಸಿ, ಮಂಡಿ ಬಗ್ಗಿಸಿ ಅಂದ್ರು. ಬಗ್ಗಿಸಿದೆ. ಅರೆ, ಇದು ಅರೆಮಂಡಿ!

ತಿಪಟೂರಲ್ಲಿ ಎರಡು ವರ್ಷ ಭರತನಾಟ್ಯಕ್ಕೆ ಹೋಗಿದ್ದೆ. ಟೀಚರ್ ಮಣೆ ಮೇಲೆ ಕೋಲು ಬಡೀತಾ ‘ಕೂರು, ಇನ್ನೂ ಕೂರು’ ಅಂತಿದ್ರು. ಏಳನೇ ಕ್ಲಾಸಲ್ಲಿ ಗಣಿತದ ಟ್ಯೂಷನ್ನೂ ಡ್ಯಾನ್ಸ್ ಕ್ಲಾಸೂ ಒಂದೇ ಹೊತ್ತಿಗೆ ಬಂತು, ಅಮ್ಮ ಡ್ಯಾನ್ಸ್ ಬಿಡಿಸಿದ್ಳು. ಮುಂದಿನ ಕಥೆ ನಿಮಗೂ ಗೊತ್ತು... ಪಿಯುಸಿ, ಸಿಇಟಿ, ಇಂಜಿನಿಯರಿಂಗ್.

ಅರೆಮಂಡಿ ಗೊತ್ತಿದ್ದಿದ್ದೇ ಎಡವಟ್ಟಾಯ್ತು. ಭರತನಾಟ್ಯದಲ್ಲಿ ಕೂತಲ್ಲೇ ಕೂತು ನೆಲಕ್ಕೆ ತಟ್ತೀವಿ, ಸದ್ದು ಬರಬೇಕು. ಇಲ್ಲಿ ಇಳಿದ ಹಾಗೇ ಎಲ್ಲೂ ನಿಲ್ಲದೆ ಮೇಲೇಳಬೇಕು, ಹಾರಿ ಇಳಿದ್ರೂ ಸದ್ದಾಗಬಾರದು. ನಾನು ಧಪ್ ಅಂತ ಇಳೀತಿದ್ದೆ. ಆದ್ರೂ ಉಳಿದವರಿಗಿಂತ ಮುಂದಿದೀನಿ ಅನ್ನೋ ಜಂಬ. ಎರಡೂ ಪಾದ ಒಂದೇ ಗೆರೆಗೆ ಬರೋ ಹಾಗೆ ಬಲವಂತವಾಗಿ ತಿರುಗಿಸಿ ನಿಲ್ತಿದ್ದೆ. ಕ್ಲಾಸಲ್ಲಿ ಫಸ್ಟ್ ಬಂದು ಅಭ್ಯಾಸ ನೋಡಿ.

ಮೂರನೇ ವಾರ ಬಲ ಮಂಡಿ ಊದ್ಕೊಳ್ತು.

ಟೀಚರ್ ನೆಲದ ಮೇಲೆ ಕೂತು ನನ್ನ ಪಾದ ಹಿಡಿದು ತೋರಿಸಿದ್ರು. ಕಾಲು ಹೊರಗೆ ತಿರುಗಬೇಕಾದ್ದು ಸೊಂಟದ ಕೀಲಿಂದ. ಅದು ಗುಂಡಿಯೊಳಗೆ ಗುಂಡು ಕೂತಂಥ ಕೀಲು, ಎಲ್ಲಾ ಕಡೆ ತಿರುಗುತ್ತೆ. ಎಷ್ಟು ತಿರುಗುತ್ತೆ ಅನ್ನೋದು ಬಹಳ ಮಟ್ಟಿಗೆ ಹುಟ್ಟಿನಿಂದ ಬಂದ ಮೂಳೆಯ ಆಕಾರ. ಮಂಡಿ ಹಾಗಲ್ಲ, ಹೆಚ್ಚುಕಮ್ಮಿ ಬಾಗಿಲಿನ ಕೀಲಿದ್ದಂಗೆ. ಸೊಂಟ ಕೊಡದೇ ಇದ್ದಿದ್ದನ್ನ ಪಾದದಿಂದ ಕಿತ್ಕೊಳ್ಳೋಕೆ ಹೋದ್ರೆ ತಿರುಚೋದು ಮಂಡಿಯೇ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವಳಿಗೆ ಇದನ್ನ ಬೇರೆಯವರು ಹೇಳಬೇಕಾಯ್ತು! ಪಕ್ಕದಲ್ಲಿ ನಿಲ್ಲೋ ರಿಟೈರ್ಡ್ ಅಜ್ಜಿಯ ಪಾದ ತೆರೆಯೋದು ಸ್ವಲ್ಪವೇ, ಆದ್ರೆ ಬಗ್ಗಿದಾಗ ಅವರ ಮಂಡಿ ನೇರ ಬೆರಳುಗಳ ಮೇಲೇ ಬರುತ್ತೆ. ನನ್ನ ನಿಜವಾದ ಅಳತೆ ಗಡಿಯಾರದ ಹತ್ತು ಗಂಟೆ ಹತ್ತು ನಿಮಿಷ. ಅದೂ ಒಳ್ಳೆ ದಿನದಲ್ಲಿ.

ಎರಡು ವಾರ ಬೆಂಚಲ್ಲಿ ಕೂತು ನೋಡಿದೆ. ಬಿಟ್ಟುಬಿಡೋಣ ಅನ್ನಿಸ್ತು. ಅದರ ಬದಲು ಮೆತ್ತನೆ ಚರ್ಮದ ಶೂ ತರಿಸಿದೆ. ಅದರ ಎಲಾಸ್ಟಿಕ್‌ನ ಒಂದು ತುದಿ ಮಾತ್ರ ಹೊಲಿದಿರ್ತಾರೆ, ಇನ್ನೊಂದನ್ನ ನಮ್ಮ ಕಾಲಿನ ಅಳತೆಗೆ ನಾವೇ ಹೊಲ್ಕೋಬೇಕು. ನನಗೆ ಗುಂಡಿ ಹಾಕೋಕೂ ಬರಲ್ಲ. ವಾಟ್ಸಾಪಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಶೂ ಅಂಚಿನ ಒಳಗೆ ಲಂಗದ ಲಾಡಿ ಥರ ಒಂದು ದಾರ ಇರುತ್ತೆ.

“ಲಾಡಿಗೆ ಸೂಜಿ ತಾಗಿಸಬೇಡ ಕಣೇ, ಆಮೇಲೆ ಎಳೆಯೋಕೆ ಬರಲ್ಲ. ಎರಡೆಳೆ ದಾರ ತಗೋ.”

ಒಂದು ಶೂ ಮುಗೀತು. ಎರಡನೇದು ಅರ್ಧ ಆಗಿತ್ತು. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ ತಲೆ ಎತ್ತಿದೆ.

“ಆ ಟ್ಯೂಷನ್ನಿಗೆ ಬೆಳಿಗ್ಗೆ ಬ್ಯಾಚೂ ಇತ್ತಂತೆ. ನಾನು ಕೇಳಲೇ ಇಲ್ಲ ನೋಡು ಆಗ” ಅಂದ್ಳು.

ಏನು ಹೇಳಬೇಕೋ ತಿಳೀಲಿಲ್ಲ. ಅಷ್ಟು ವರ್ಷ ಅದು ಅವಳ ತಲೇಲಿತ್ತಾ? ಬೆಳಿಗ್ಗೆ ಎದ್ದು ಹೋಗೋಳೇ ಅಲ್ಲ ಬಿಡು ನಾನು, ಅಂದೆ. ಅದು ನಿಜವೂ ಹೌದು.

“ಗಂಟು ಹಾಕಿದ್ಯಾ? ಕ್ಯಾಮೆರಾ ಹತ್ರ ಹಿಡಿ, ನೋಡ್ತೀನಿ.”

ಹಿಡಿದೆ. ಸರಿಯಿಲ್ಲ, ಬಿಚ್ಚಿ ಇನ್ನೊಂದ್ಸಲ ಹಾಕು ಅಂದ್ಳು.